ತಲೆಯೊಳಗೊಬ್ಬ ಶಾನುಭೋಗ

ಮದುವೆಮನೆಯಲ್ಲಿ ಎರಡನೇ ಪಂಕ್ತಿ. ಕೋಸಂಬರಿ, ಪಲ್ಯ, ಚಿತ್ರಾನ್ನ, ಸಾರು, ಹುಳಿ ಎಲ್ಲ ಒಂದು ಸುತ್ತು ಮುಗಿದಿವೆ. ಬಡಿಸುವವರು ಮತ್ತೆ ಅನ್ನ ತಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು 'ಸಾಕಪ್ಪ, ಸಾಕು' ಎನ್ನುತ್ತೇವೆ. ಅಷ್ಟರಲ್ಲಿ ಸಾಲಿನ ಆ ತುದಿಯಿಂದ ಹೋಳಿಗೆಯ ತಟ್ಟೆ ಬರುತ್ತದೆ, ಅದರ ಹಿಂದೆಯೇ ತುಪ್ಪದ ಗಿಂಡಿ. ಅಡ್ಡ ಹಿಡಿದ ಕೈ ತಾನಾಗಿ ಸರಿಯುತ್ತದೆ. 'ಅರ್ಧ ಹಾಕಿ' ಎಂದವರ ಎಲೆಗೆ ಇಡೀ ಹೋಳಿಗೆ ಬೀಳುತ್ತದೆ, ಅದೂ ಖಾಲಿಯಾಗುತ್ತದೆ.

ಅದೇ ಸಾಲಿನಲ್ಲಿ ತುಸು ದಪ್ಪಗಿರುವ ಹುಡುಗಿಯೊಬ್ಬಳು ಕೂತಿರುತ್ತಾಳೆ. ಅವಳು ಒಂದು ಹೋಳಿಗೆ ಹಾಕಿಸಿಕೊಳ್ಳುವುದನ್ನೇ ಕಾಯುತ್ತಿದ್ದವರಂತೆ ದೊಡ್ಡಮ್ಮ ಹೇಳುತ್ತಾರೆ: 'ಏನೇ, ಸ್ವಲ್ಪ ಬಾಯಿ ಕಟ್ಟಬಾರದೇನೇ?' ಪಕ್ಕದಲ್ಲಿ ಕಡ್ಡಿಯಂಥ ಅಣ್ಣ ಮೂರನೆಯದನ್ನು ಮುಗಿಸುತ್ತಿದ್ದಾನೆ. ಅವನಿಗೆ ಯಾರೂ ಏನೂ ಅನ್ನುವುದಿಲ್ಲ. 'ಉಣ್ಣಲಿ ಬಿಡು, ಮೈಗೆ ಹತ್ತೋದೇ ಇಲ್ಲ ಪಾಪ' ಎಂಬ ಅನುಕಂಪ ಬೇರೆ.

ಒಬ್ಬರಿಗೆ ಮೈಗೆ ಹತ್ತುತ್ತದೆ, ಇನ್ನೊಬ್ಬರಿಗೆ ಹತ್ತುವುದಿಲ್ಲ ಎಂಬುದನ್ನು ದೊಡ್ಡಮ್ಮ ಒಪ್ಪುತ್ತಾರೆ. ಆದರೆ ಹತ್ತಿದ್ದು ಹುಡುಗಿಯ ತಪ್ಪು, ಹತ್ತದಿದ್ದುದು ಹುಡುಗನ ಪುಣ್ಯ. ಈ ನ್ಯಾಯ ಸರಿಯಲ್ಲ ಎಂದು ಮೆದುಳಿನ ವಿಜ್ಞಾನ ಎಪ್ಪತ್ತೆಂಬತ್ತು ವರ್ಷಗಳಿಂದ ಹೇಳುತ್ತಾ ಬಂದಿದೆ.

ನೂರು ರೂಪಾಯಿಗೆ ಐವತ್ತು ಪೈಸೆ

ಒಂದು ಸಣ್ಣ ಲೆಕ್ಕ ಮಾಡೋಣ. ದಿನಕ್ಕೆ 2,200 ಕ್ಯಾಲೊರಿ ಉಣ್ಣುವವರು ವರ್ಷಕ್ಕೆ ಸುಮಾರು 8 ಲಕ್ಷ ಕ್ಯಾಲೊರಿ ಉಣ್ಣುತ್ತಾರೆ. ಒಂದು ಕಿಲೋ ಮೈಕೊಬ್ಬಿನಲ್ಲಿ ಸರಿಸುಮಾರು 7,700 ಕ್ಯಾಲೊರಿ ಇರುತ್ತದೆ. ವರ್ಷದಲ್ಲಿ ಅರ್ಧ ಕಿಲೋ ಏರಿದರೆ ಆದಾಯಕ್ಕೂ ಖರ್ಚಿಗೂ ಬಿದ್ದ ವ್ಯತ್ಯಾಸ 3,850 ಕ್ಯಾಲೊರಿ ಮಾತ್ರ. ನೂರು ರೂಪಾಯಿ ವ್ಯವಹಾರದಲ್ಲಿ ಐವತ್ತು ಪೈಸೆ ಏರುಪೇರಾದಂತೆ. ದಿನದ ಲೆಕ್ಕಕ್ಕೆ ತಂದರೆ ಅದು ಒಂದು ಚಿಕ್ಕ ಚಮಚ ಸಕ್ಕರೆಗಿಂತ ಕಡಿಮೆ.

ಅನ್ನ, ಮುದ್ದೆ, ದೋಸೆಗಳನ್ನು ಕಣ್ಣಳತೆಯಲ್ಲೇ ಬಡಿಸಿಕೊಳ್ಳುವ ನಾವು ಯಾರೂ ಇಷ್ಟು ನಿಖರವಾಗಿ ಲೆಕ್ಕ ಇಡಲಾರೆವು. ಆದರೂ ಬಹುಪಾಲು ಜನರ ತೂಕ ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಅಲುಗಾಡುವುದಿಲ್ಲ. ಅಂದಮೇಲೆ ನಮಗೆ ಗೊತ್ತಿಲ್ಲದೆ ಯಾರೋ ಲೆಕ್ಕ ಬರೆಯುತ್ತಿರಬೇಕು. ಹಿಂದೆ ಊರಿನ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿ ಇರುತ್ತಿತ್ತಲ್ಲ, ಹಾಗೆ ನಮ್ಮ ತಲೆಯೊಳಗೂ ಒಬ್ಬ ಶಾನುಭೋಗ ಇದ್ದಾನೆ. ಮೈಯ ಕಣಜದಲ್ಲಿ ಎಷ್ಟಿದೆ, ಇವತ್ತು ಎಷ್ಟು ಬಂತು, ಎಷ್ಟು ಹೋಯಿತು ಎಂದು ಅವನು ಹಗಲೂ ರಾತ್ರಿ ಬರೆಯುತ್ತಿರುತ್ತಾನೆ.

ಅವನ ಕಚೇರಿ ಮೆದುಳಿನ ತಳದಲ್ಲಿದೆ, ಬಾದಾಮಿ ಬೀಜದಷ್ಟು ಗಾತ್ರ. ವೈದ್ಯರು ಅದನ್ನು ಹೈಪೊಥಲಾಮಸ್ ಎನ್ನುತ್ತಾರೆ.

ಗಾಯವಾದ ಮೆದುಳು ಕಲಿಸಿದ್ದು

ಈ ಕಚೇರಿಯ ಸುಳಿವು ಮೊದಲು ಸಿಕ್ಕಿದ್ದು ರೋಗಿಗಳಿಂದ. 1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಚ್ ಎಂಬ ವೈದ್ಯರು ತಲೆನೋವು ಮತ್ತು ದೃಷ್ಟಿ ತೊಂದರೆ ಇದ್ದ, ಏಕಾಏಕಿ ದಪ್ಪಗಾಗುತ್ತಿದ್ದ ಹುಡುಗನೊಬ್ಬನ ಬಗ್ಗೆ ಬರೆದರು. ಅವನ ಮೆದುಳಿನ ತಳದಲ್ಲಿ ಗಡ್ಡೆ ಇತ್ತು. ಗಡ್ಡೆ ಪಿಟ್ಯುಟರಿ ಗ್ರಂಥಿಯನ್ನು ಕೆಡಿಸಿದ್ದರಿಂದ ಹೀಗಾಯಿತೋ, ಅದರ ಮೇಲಿರುವ ಹೈಪೊಥಲಾಮಸ್‌ಗೆ ಪೆಟ್ಟಾದ್ದರಿಂದಲೋ ಎಂಬ ವಾದ ನಾಲ್ಕು ದಶಕ ನಡೆಯಿತು. 1940ರಲ್ಲಿ ಷಿಕಾಗೊದ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಇಲಿಗಳ ಪಿಟ್ಯುಟರಿಯನ್ನು ಮುಟ್ಟದೆ ಹೈಪೊಥಲಾಮಸ್‌ನ ನಡುಭಾಗಕ್ಕೆ ಮಾತ್ರ ಗಾಯ ಮಾಡಿದರು. ಇಲಿಗಳು ಚೆಂಡಿನಂತೆ ಊದಿಕೊಂಡವು. ವಾದ ಅಲ್ಲಿಗೆ ಮುಗಿಯಿತು.

ಮುಂದಿನ ಹೆಜ್ಜೆಯಲ್ಲಿ ಭಾರತೀಯರೊಬ್ಬರ ಹೆಸರಿದೆ, ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಹೆಸರು. ದೆಹಲಿಯಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಬಾಲಕೃಷ್ಣ ಆನಂದ್ ಅವರು ಜಾನ್ ಬ್ರೋಬೆಕ್ ಜತೆ ಸೇರಿ 1951ರಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಗತಿಯನ್ನು ತೋರಿಸಿದರು. ಹೈಪೊಥಲಾಮಸ್‌ನ ಪಕ್ಕದ ಭಾಗಕ್ಕೆ ಗಾಯವಾದ ಇಲಿಗಳು ಎದುರಿಗೇ ಆಹಾರ ಇದ್ದರೂ ಮೂಸದೆ ಉಪವಾಸ ಸತ್ತವು. ಅಲ್ಲಿಂದ 'ಹಸಿವಿನ ಕೇಂದ್ರ' ಎಂಬ ಮಾತು ಬಳಕೆಗೆ ಬಂತು. ಆನಂದ್ ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದರು.

ಒಂದು ಕಡೆ ಹಸಿವಿನ ಗುಂಡಿ, ಇನ್ನೊಂದು ಕಡೆ ತೃಪ್ತಿಯ ಗುಂಡಿ ಎಂಬ ಈ ಚಿತ್ರ ಸರಳವಾಗಿತ್ತು, ತುಸು ಅತಿಯಾಗಿಯೇ ಸರಳವಾಗಿತ್ತು. ಕಣಜದಲ್ಲಿ ಎಷ್ಟಿದೆ ಎಂದು ಕಚೇರಿಗೆ ತಿಳಿಸುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಮೂಗಿಲಿ, ಕಿವುಡಿಲಿ

ಉತ್ತರ ಬಂದದ್ದು ಅಮೆರಿಕದ ಮೇನ್ ರಾಜ್ಯದ ಕಡಲತೀರದ ಊರು ಬಾರ್ ಹಾರ್ಬರ್‌ನಿಂದ. ಅಲ್ಲಿನ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಸಂಶೋಧನೆಗೆಂದು ಪುಟ್ಟ ಇಲಿಗಳನ್ನು ಸಾಕುತ್ತಾರೆ. 1949ರಲ್ಲಿ ಅಲ್ಲಿ ಒಂದು ವಿಚಿತ್ರ ತಳಿ ಕಾಣಿಸಿಕೊಂಡಿತು. ಅದು ಸದಾ ತಿನ್ನುತ್ತಿತ್ತು, ಒಡಹುಟ್ಟಿದವುಗಳ ಮೂರುಪಟ್ಟು ತೂಗುತ್ತಿತ್ತು. ಹದಿನೈದು ಚಿಲ್ಲರೆ ವರ್ಷಗಳ ನಂತರ ನೋಡಲು ಹೆಚ್ಚೂಕಡಿಮೆ ಅದೇ ತರಹದ ಇನ್ನೊಂದು ತಳಿ ಸಿಕ್ಕಿತು. ಇದಕ್ಕೆ ಕಡುಮಧುಮೇಹವೂ ಇತ್ತು.

ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಈ ಇಲಿಗಳನ್ನು ಎರಡೆರಡಾಗಿ ಪಕ್ಕೆಗೆ ಪಕ್ಕೆ ಸೇರಿಸಿ ಹೊಲಿದರು. ಕೇಳಲು ಕ್ರೂರ, ಇಂದಿನ ಕಣ್ಣಿಗೆ ಇನ್ನೂ ಕ್ರೂರ. ಆದರೆ ಹಾಗೆ ಹೊಲಿದಾಗ ಒಂದರ ರಕ್ತ ಸ್ವಲ್ಪ ಸ್ವಲ್ಪವಾಗಿ ಇನ್ನೊಂದಕ್ಕೆ ಹರಿಯುತ್ತದೆ. ಎರಡನೇ ತಳಿಯ ದಪ್ಪ ಇಲಿಯನ್ನು ಸಾಮಾನ್ಯ ಇಲಿಗೆ ಹೊಲಿದರೆ ಸಾಮಾನ್ಯ ಇಲಿ ತಿನ್ನುವುದನ್ನು ಬಿಟ್ಟು ಸತ್ತಿತು. ಅದನ್ನೇ ಮೊದಲ ತಳಿಯ ದಪ್ಪ ಇಲಿಗೆ ಹೊಲಿದರೆ ಆ ಹೊಟ್ಟೆಬಾಕ ಇಲಿಯೂ ಊಟ ಬಿಟ್ಟು ಸೊರಗಿ ಸತ್ತಿತು. ಎರಡನೇ ತಳಿಯದು ಮಾತ್ರ ಏನೂ ಆಗದವರಂತೆ ತಿನ್ನುತ್ತಲೇ ಇತ್ತು.

ಕೋಲ್ಮನ್ ಇದನ್ನು ಹೀಗೆ ಬಿಡಿಸಿದರು. 'ಕಣಜ ತುಂಬಿದೆ, ಸಾಕು' ಎಂದು ತಿಳಿಸುವ ಏನೋ ಒಂದು ರಕ್ತದಲ್ಲಿ ಹರಿಯುತ್ತದೆ. ಮೊದಲ ತಳಿಗೆ ಅದನ್ನು ತಯಾರಿಸಲು ಬರುವುದಿಲ್ಲ, ಬೇರೆಯವರು ಹೇಳಿದರೆ ಕೇಳಿಸುತ್ತದೆ. ಎರಡನೆಯದು ಅದನ್ನು ಹೇರಳವಾಗಿ ತಯಾರಿಸುತ್ತದೆ, ಆದರೆ ಅದಕ್ಕೆ ಕೇಳಿಸುವುದಿಲ್ಲ. ಒಂದು ಮೂಗಿಲಿ, ಇನ್ನೊಂದು ಕಿವುಡಿಲಿ. ಆ 'ಏನೋ ಒಂದು' ಏನು ಎಂದು ಕೋಲ್ಮನ್‌ರಿಗೆ ಹಿಡಿದು ತೋರಿಸಲಾಗಲಿಲ್ಲ. ಇಪ್ಪತ್ತು ವರ್ಷ ಹಲವರು ಅವರನ್ನು ನಂಬಲಿಲ್ಲ.

1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಎಂಟು ವರ್ಷದ ಹುಡುಕಾಟದ ಕೊನೆಗೆ ಮೂಗಿಲಿಯಲ್ಲಿ ಕೆಟ್ಟುಹೋಗಿದ್ದ ಜೀನನ್ನು ಪತ್ತೆಹಚ್ಚಿತು. ಆ ಜೀನು ತಯಾರಿಸುವ ಹಾರ್ಮೋನಿಗೆ ತೆಳು ಎಂಬರ್ಥದ ಗ್ರೀಕ್ ಪದದಿಂದ 'ಲೆಪ್ಟಿನ್' ಎಂದು ಹೆಸರಿಟ್ಟರು. ಅದನ್ನು ತಯಾರಿಸುವುದು ಸಾಕ್ಷಾತ್ ಕೊಬ್ಬಿನ ಕೋಶಗಳೇ. ಸುಮ್ಮನೆ ಬಿದ್ದಿರುವ ಗೋಣಿಚೀಲ ಎಂದುಕೊಂಡಿದ್ದ ಮೈಕೊಬ್ಬು ತಾನಾಗಿ ಶಾನುಭೋಗನಿಗೆ ಓಲೆ ಬರೆಯುತ್ತಿತ್ತು.

ಕೇಂಬ್ರಿಜ್‌ಗೆ ಬಂದ ಇಬ್ಬರು ಮಕ್ಕಳು

ಇಲಿಯ ಕತೆ ಮನುಷ್ಯರಿಗೂ ಹೊಂದುತ್ತದೆಯೇ? 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಸ್ಟೀಫನ್ ಒ'ರಾಹಿಲಿ, ಸದಾಫ್ ಫಾರೂಕಿ ಮತ್ತವರ ತಂಡ ಪಾಕಿಸ್ತಾನಿ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳ ಬಗ್ಗೆ ವರದಿ ಮಾಡಿತು. ಎಂಟು ವರ್ಷದ ಹುಡುಗಿ 86 ಕಿಲೋ ಇದ್ದಳು, ಎರಡು ವರ್ಷದ ಹುಡುಗ 29 ಕಿಲೋ. ಹುಟ್ಟಿದಾಗ ಇಬ್ಬರ ತೂಕವೂ ಸಹಜವೇ ಆಗಿತ್ತು. ಹಸಿವು ಮಾತ್ರ ತಣಿಯುತ್ತಲೇ ಇರಲಿಲ್ಲ. ರಕ್ತಸಂಬಂಧದಲ್ಲೇ ಮದುವೆ ನಡೆದುಬಂದ ಮನೆತನ ಅದು, ಅಂಥ ಕಡೆ ಅಪರೂಪದ ಕೆಟ್ಟ ಜೀನು ತಂದೆ-ತಾಯಿ ಇಬ್ಬರ ಕಡೆಯಿಂದಲೂ ಮಗುವಿಗೆ ಬರುವ ಸಂಭವ ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮಗೂ ಇದು ಹೊರಗಿನ ಮಾತಲ್ಲ. ಆ ಮಕ್ಕಳ ರಕ್ತದಲ್ಲಿ ಲೆಪ್ಟಿನ್ ಇರಲೇ ಇಲ್ಲವೆನ್ನುವಷ್ಟು ಕಡಿಮೆ ಇತ್ತು.

ಹುಡುಗಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಡಲು ಆರಂಭಿಸಿದರು. ಆಗ ಅವಳಿಗೆ ಒಂಬತ್ತು ವರ್ಷ, 94 ಕಿಲೋ ದಾಟಿದ್ದಳು. ಒಂದು ವರ್ಷದಲ್ಲಿ 16 ಕಿಲೋ ಇಳಿದಳು. ಅವಳಿಗೆ ಯಾರೂ ಬಾಯಿ ಕಟ್ಟಲು ಕಲಿಸಲಿಲ್ಲ. ಇಲ್ಲದ ಓಲೆಯೊಂದು ಶಾನುಭೋಗನಿಗೆ ತಲುಪಿತು, ಹಸಿವು ತಾನಾಗಿ ತಗ್ಗಿತು.

ಇಂಥ ಮಕ್ಕಳು ಜಗತ್ತಿನಲ್ಲೇ ತೀರಾ ಅಪರೂಪ. ಆದರೆ ಹಸಿವು ಹಾರ್ಮೋನಿನ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ಹಾಗಿದ್ದರೆ ಎಲ್ಲರಿಗೂ ಲೆಪ್ಟಿನ್ ಕೊಡಬಹುದಲ್ಲ? ಔಷಧ ಕಂಪನಿಗಳೂ ಹಾಗೇ ಅಂದುಕೊಂಡವು. ಆಮ್ಜೆನ್ ಎಂಬ ಕಂಪನಿ 1995ರಲ್ಲಿ ಇದರ ಹಕ್ಕಿಗೆ 2 ಕೋಟಿ ಡಾಲರ್ ಮುಂಗಡ ಕೊಟ್ಟಿತು. ಪ್ರಯೋಗ ನೆಲಕಚ್ಚಿತು. ಬೊಜ್ಜಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಆಗಲೇ ಧಾರಾಳವಾಗಿತ್ತು. ಅವರೆಲ್ಲ ಮೂಗಿಲಿಗಿಂತ ಕಿವುಡಿಲಿಗೆ ಹತ್ತಿರದವರು. ಓಲೆಗಳು ರಾಶಿ ಬೀಳುತ್ತಿದ್ದವು, ಶಾನುಭೋಗ ಬಿಡಿಸಿ ಓದುತ್ತಿರಲಿಲ್ಲ.

ಉಣ್ಣು ಎನ್ನುವವರು, ಸಾಕು ಎನ್ನುವವರು

ಹೈಪೊಥಲಾಮಸ್‌ನ ಒಂದು ಮೂಲೆಯಲ್ಲಿ ಎರಡು ಬಗೆಯ ನರಕೋಶಗಳು ಅಕ್ಕಪಕ್ಕದಲ್ಲೇ ಇವೆ. ಎಜಿಆರ್‌ಪಿ ಎಂಬ ಗುಂಪು ಚುರುಕಾದರೆ ಹಸಿವು ಕೆರಳುತ್ತದೆ. ಪಿಒಎಂಸಿ ಎಂಬ ಗುಂಪು ಚುರುಕಾದರೆ ಸಾಕೆನಿಸುತ್ತದೆ. ಲೆಪ್ಟಿನ್ ಮೊದಲನೆಯದರ ಬಾಯಿ ಮುಚ್ಚಿಸಿ ಎರಡನೆಯದಕ್ಕೆ ದನಿ ಕೊಡುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಾಂಗಾವಾ ಕಂಡುಹಿಡಿದ ಗ್ರೆಲಿನ್ ಇದಕ್ಕೆ ವಿರುದ್ಧ. ಖಾಲಿ ಜಠರ ಕಳಿಸುವ ಹಾರ್ಮೋನು ಅದು. ಊಟದ ಹೊತ್ತು ಹತ್ತಿರವಾದಂತೆ ಏರುತ್ತದೆ, ಉಂಡಮೇಲೆ ಇಳಿಯುತ್ತದೆ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಹೊಟ್ಟೆ ತಾಳ ಹಾಕುವುದರಲ್ಲಿ ಇದರ ಪಾಲಿದೆ.

2011ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದವರು ಇಲಿಯ ಎಜಿಆರ್‌ಪಿ ಕೋಶಗಳು ಬೆಳಕಿಗೆ ಎಚ್ಚರಗೊಳ್ಳುವಂತೆ ಮಾರ್ಪಡಿಸಿದರು. ಹೊಟ್ಟೆ ತುಂಬಿದ ಇಲಿಯ ಮೆದುಳಿಗೆ ಬೆಳಕು ಹಾಯಿಸಿದ ಕೆಲವೇ ನಿಮಿಷಗಳಲ್ಲಿ ಅದು ಬರಗೆಟ್ಟಂತೆ ತಿನ್ನತೊಡಗಿತು. ಆ ಇಲಿಗೆ ಹೋಗಿ ಸಂಯಮದ ಉಪದೇಶ ಮಾಡಿ ಪ್ರಯೋಜನವೇನು?

ಕರುಳಿನಿಂದಲೂ ಸುದ್ದಿ ಬರುತ್ತಿರುತ್ತದೆ. ಜಠರ ಹಿಗ್ಗಿದ್ದನ್ನು ವೇಗಸ್ ಎಂಬ ಉದ್ದನೆಯ ನರ ಮೆದುಳಿನ ಬುಡಕ್ಕೆ ಮುಟ್ಟಿಸುತ್ತದೆ. ಜಿಎಲ್‌ಪಿ-1ನಂಥ ಕರುಳಿನ ಹಾರ್ಮೋನುಗಳು 'ಊಟ ಬಂತು' ಎಂದು ಸಾರುತ್ತವೆ. ಈ ಜಿಎಲ್‌ಪಿ-1 ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಹೋಳಿಗೆಗೆ ಬೇರೆ ಹೊಟ್ಟೆ

'ಸಿಹಿಗೆ ಬೇರೆ ಹೊಟ್ಟೆ ಇದೆ' ಎಂದು ಪಂಕ್ತಿಯಲ್ಲಿ ನಗೆಯಾಡುತ್ತೇವಲ್ಲ, ಅದು ಅರ್ಧ ನಿಜ. ಬೇರೆ ಇರುವುದು ಮೆದುಳಿನ ಇನ್ನೊಂದು ಜಾಲ. ಅನ್ನ-ಹುಳಿಯ ರುಚಿಗೆ ತಣಿದ ಮೆದುಳು ಹೊಸ ರುಚಿ ಎದುರಾದರೆ ಮತ್ತೆ ಚಿಗುರುತ್ತದೆ. ಸಿಹಿ ಮತ್ತು ಜಿಡ್ಡು ಒಟ್ಟಿಗೆ ಬಂದರಂತೂ ಡೋಪಮಿನ್ ಎಂಬ ರಾಸಾಯನಿಕ 'ಬೇಕು' ಎಂಬ ಸೆಳೆತವನ್ನು ಎಬ್ಬಿಸುತ್ತದೆ. ಶಾನುಭೋಗ ಕಡತ ಮುಚ್ಚಿದ ಮೇಲೂ ಈ ಜಾಲಕ್ಕೆ ಖರ್ಚು ಮಾಡುವ ಅಧಿಕಾರವಿದೆ.

ವರ್ಷಕ್ಕೆ ನಾಲ್ಕು ಮದುವೆ, ಐದು ಹಬ್ಬ ಇದ್ದಾಗ ಇದರಿಂದ ಏನೂ ಕೆಡುತ್ತಿರಲಿಲ್ಲ. ಈಗ ಸಿಹಿ, ಉಪ್ಪು, ಜಿಡ್ಡನ್ನು ಹದವಾಗಿ ಬೆರೆಸಿದ ಪೊಟ್ಟಣ ಮೂಲೆಯಂಗಡಿಯಲ್ಲಿ ಹತ್ತು ರೂಪಾಯಿಗೆ ನೇತಾಡುತ್ತದೆ, ಫೋನಿನಲ್ಲಿ ಬೆರಳಾಡಿಸಿದರೆ ಬಿರಿಯಾನಿ ಬಾಗಿಲಿಗೆ ಬರುತ್ತದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಇಪ್ಪತ್ತು ಜನರನ್ನು ಆಸ್ಪತ್ರೆಯಲ್ಲಿರಿಸಿ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ ಕೊಟ್ಟರು. ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ ಇಟ್ಟಿದ್ದರು, ಬೇಕಾದಷ್ಟು ತಿನ್ನಿ ಎಂದಿದ್ದರು. ಸಿದ್ಧ ಆಹಾರದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ತಿಂದವರು ಅವರೇ, ಬದಲಾದದ್ದು ತಟ್ಟೆ.

ನಿದ್ದೆಯೂ ಇದರಲ್ಲಿ ಸೇರಿದೆ. ಷಿಕಾಗೊದಲ್ಲಿ 2004ರಲ್ಲಿ ಹನ್ನೆರಡು ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಅಷ್ಟಕ್ಕೇ ಲೆಪ್ಟಿನ್ ಇಳಿಯಿತು, ಗ್ರೆಲಿನ್ ಏರಿತು. ಬೆಂಗಳೂರಿನ ರಾತ್ರಿಪಾಳಿಯವರು ಮಧ್ಯರಾತ್ರಿ ಎರಡಕ್ಕೆ ಪಫ್ಸ್ ಹುಡುಕಿಕೊಂಡು ಹೊರಟರೆ ಅಚ್ಚರಿಪಡಬೇಕಿಲ್ಲ.

ಹಾಗಾದರೆ ಎಲ್ಲರೂ ಏಕೆ ದಪ್ಪಗಾಗುವುದಿಲ್ಲ? ಇಲ್ಲಿ ವಂಶವಾಹಿ ಬರುತ್ತದೆ. ಡೆನ್ಮಾರ್ಕ್‌ನಲ್ಲಿ ದತ್ತು ಹೋದ 540 ಮಂದಿಯ ತೂಕವನ್ನು 1986ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಮತ್ತವರ ಜತೆಗಾರರು ಹೋಲಿಸಿ ನೋಡಿದರು. ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತು, ಅನ್ನ ಹಾಕಿ ಸಾಕಿದವರನ್ನು ಹೋಲುತ್ತಿರಲಿಲ್ಲ. ತೂಕಕ್ಕೆ ಸಂಬಂಧಿಸಿ ಈವರೆಗೆ ಸಿಕ್ಕಿರುವ ಜೀನುಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಮೆದುಳಿನಲ್ಲೇ. ದೊಡ್ಡಮ್ಮ ಗದರಿದ ಹುಡುಗಿಗೂ ಕಡ್ಡಿಯಂಥ ಅಣ್ಣನಿಗೂ ಎದುರಿದ್ದದ್ದು ಒಂದೇ ಹೋಳಿಗೆ. ಅವರ ತಲೆಯೊಳಗಿನ ಶಾನುಭೋಗರು ಮಾತ್ರ ಬೇರೆ ಬೇರೆ.

ಇಳಿಸಿದ್ದು ಏಕೆ ನಿಲ್ಲುವುದಿಲ್ಲ

ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಮನಸ್ಸಿಗೆ ನಾಟುವ ಭಾಗ ಇದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಯುದ್ಧಕ್ಕೆ ಹೋಗಲೊಪ್ಪದ 36 ಯುವಕರನ್ನು ಅವರ ಒಪ್ಪಿಗೆಯ ಮೇಲೆ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಕಾಲುಭಾಗ ತೂಕ ಇಳಿಯಿತು. ಮೈ ಖರ್ಚು ಕಡಿಮೆ ಮಾಡಿತು: ನಾಡಿ ನಿಧಾನವಾಯಿತು, ಸದಾ ಚಳಿ, ಯಾವುದರಲ್ಲೂ ಆಸಕ್ತಿಯಿಲ್ಲ. ಆಸಕ್ತಿ ಉಳಿದದ್ದು ಊಟದಲ್ಲಿ ಮಾತ್ರ. ಅಡುಗೆ ಪುಸ್ತಕಗಳನ್ನು ಓದುತ್ತಾ ಕೂರುತ್ತಿದ್ದರು, ಕನಸಿನಲ್ಲೂ ಊಟ. ಮತ್ತೆ ಹೊಟ್ಟೆತುಂಬ ಹಾಕಿದಾಗ ಹಲವರಿಗೆ ಎಷ್ಟು ತಿಂದರೂ ಹಸಿವು ಆರಲಿಲ್ಲ. ಇವರೆಲ್ಲ ತತ್ವಕ್ಕಾಗಿ ಯುದ್ಧವನ್ನೇ ನಿರಾಕರಿಸಿದ್ದವರು, ಮನಸ್ಸಿನ ಗಟ್ಟಿತನಕ್ಕೆ ಕೊರತೆ ಇರಲಿಲ್ಲ.

ಡಯಟ್ ಮಾಡಿ ಹತ್ತು ಕಿಲೋ ಇಳಿಸಿದವರ ಮೈಯಲ್ಲೂ ಇದೇ ನಡೆಯುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿದವರು ಸರಾಸರಿ 13 ಕಿಲೋಗಿಂತ ಹೆಚ್ಚು ಇಳಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಒಂದು ವರ್ಷದ ಮೇಲೂ ಅವರ ಲೆಪ್ಟಿನ್ ಕೆಳಗೇ ಇತ್ತು, ಗ್ರೆಲಿನ್ ಮೇಲೆಯೇ ಇತ್ತು, ಹಸಿವು ಮೊದಲಿಗಿಂತ ಹೆಚ್ಚಾಗಿತ್ತು.

ಶಾನುಭೋಗ ಬರಗಾಲ ಕಂಡವನು. ಕಣಜ ತುಂಬಿದೆ ಎಂಬ ಓಲೆಯನ್ನು ಅವನು ಪಕ್ಕಕ್ಕಿಟ್ಟಾನು, ಕಣಜ ಇಳಿಯುತ್ತಿದೆ ಎಂಬ ಓಲೆಯನ್ನು ಎಂದೂ ಅಲಕ್ಷಿಸುವುದಿಲ್ಲ. ಮನುಷ್ಯಕುಲ ಬದುಕಿ ಬಂದದ್ದೇ ಹಾಗೆ. 80 ಕಿಲೋ ಇದ್ದವರು 68ಕ್ಕೆ ಇಳಿದಾಗ ಕನ್ನಡಿಯಲ್ಲಿ ಕಾಣುವುದು ಆರೋಗ್ಯ, ಹೈಪೊಥಲಾಮಸ್‌ಗೆ ಕಾಣುವುದು ಕ್ಷಾಮ. ಅದಕ್ಕೇ 'ಮೂರು ತಿಂಗಳಲ್ಲಿ ಇಪ್ಪತ್ತು ಕಿಲೋ' ಎಂಬ ಜಾಹೀರಾತುಗಳು ಮೂರು ತಿಂಗಳ ಮಾತನ್ನಷ್ಟೇ ಆಡುತ್ತವೆ, ಮೂರನೇ ವರ್ಷದ ಮಾತು ಎತ್ತುವುದಿಲ್ಲ.

ಹಲ್ಲಿಯ ಜೊಲ್ಲಿನಿಂದ ವಾರದ ಸೂಜಿಗೆ

ಈಗ ಜಿಎಲ್‌ಪಿ-1ಗೆ ಮರಳೋಣ. ಕರುಳಿನ ಈ ಹಾರ್ಮೋನು ರಕ್ತದಲ್ಲಿ ಒಂದೆರಡು ನಿಮಿಷದಲ್ಲೇ ಒಡೆದುಹೋಗುತ್ತದೆ. ಅಮೆರಿಕದ ಮರುಭೂಮಿಯ ವಿಷಕಾರಿ ಹಲ್ಲಿ ಗಿಲಾ ಮಾನ್‌ಸ್ಟರ್‌ನ ಜೊಲ್ಲಿನಲ್ಲಿ ಇದನ್ನೇ ಹೋಲುವ, ಆದರೆ ಹೆಚ್ಚು ಹೊತ್ತು ಬಾಳುವ ವಸ್ತು ಇದೆ ಎಂದು ನ್ಯೂಯಾರ್ಕಿನ ಜಾನ್ ಎಂಗ್ ಕಂಡುಕೊಂಡರು. ಅದರಿಂದ 2005ರಲ್ಲಿ ಮಧುಮೇಹದ ಔಷಧ ಬಂತು. ಮುಂದೆ ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ಕಂಪನಿ ಮನುಷ್ಯರ ಜಿಎಲ್‌ಪಿ-1 ಅನ್ನೇ ತುಸು ಬದಲಿಸಿ, ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕಾಗುವ ಸೆಮಾಗ್ಲುಟೈಡ್ ತಯಾರಿಸಿತು.

2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 68 ವಾರ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ 15ರಷ್ಟು ಇಳಿಯಿತು, ಹುಸಿಮದ್ದು ಪಡೆದವರದು ಶೇ 2.4. ಜಠರ ನಿಧಾನವಾಗಿ ಖಾಲಿಯಾಗುವುದೂ ಇದಕ್ಕೆ ಕಾರಣ, ಆದರೆ ಮುಖ್ಯ ಕೆಲಸ ನಡೆಯುವುದು ಮೆದುಳಿನಲ್ಲಿ. ಬಳಸಿದ ಅನೇಕರು ಹೇಳುವುದು ಒಂದೇ ಮಾತು: ತಲೆಯಲ್ಲಿ ಸದಾ ಸುತ್ತುತ್ತಿದ್ದ ತಿಂಡಿಯ ಗುಂಗು ನಿಂತುಹೋಯಿತು. ಹೊಟ್ಟೆ ತುಂಬಿದ್ದೂ ಡಬ್ಬಿಯ ಚಕ್ಕುಲಿ ಕರೆಯುತ್ತಿದ್ದುದು ಕರೆಯಲಿಲ್ಲ. ಹುಟ್ಟಿನಿಂದಲೇ ಆ ಗುಂಗಿಲ್ಲದವರು ಅದಿರುವವರಿಗೆ ಸಂಯಮ ಬೋಧಿಸುತ್ತಾ ಬಂದಿದ್ದಾರೆ.

ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ ಅಡ್ಡಪರಿಣಾಮಗಳು. ಕೊಬ್ಬಿನ ಜತೆ ಸ್ನಾಯುವೂ ಕರಗುತ್ತದೆ. ಸ್ನಾಯು ಮೊದಲೇ ಕಡಿಮೆ ಇರುವ ನಮಗೆ ಅದು ಸಣ್ಣ ಮಾತಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮ ಮತ್ತು ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರ ಫೋಟೊ ಪ್ರಕಟಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚಿ) 22.3, ಕೊಬ್ಬಿನ ಪ್ರಮಾಣ ಮಾತ್ರ ಯುಡ್ಕಿನ್‌ರಲ್ಲಿ ಶೇ 9.1, ಯಾಜ್ಞಿಕ್‌ರಲ್ಲಿ ಶೇ 21.2. ಭಾರತೀಯರಿಗೆ ಬೊಜ್ಜಿನ ಗೆರೆಯನ್ನು 30ರ ಬದಲು 25ರಲ್ಲೇ ಎಳೆಯುವುದು ಈ ಕಾರಣಕ್ಕೆ.

ಟಿರ್ಜೆಪಟೈಡ್ (ಮೌಂಜಾರೊ) ಮತ್ತು ತೂಕ ಇಳಿಸಲೆಂದೇ ಬಂದ ಸೆಮಾಗ್ಲುಟೈಡ್ (ವೆಗೋವಿ) 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಸೆಮಾಗ್ಲುಟೈಡ್‌ನ ಪೇಟೆಂಟ್ ಇಲ್ಲಿ 2026ರ ಮಾರ್ಚ್‌ವರೆಗಿನದು, ಆಮೇಲೆ ಅಗ್ಗದ ದೇಶಿ ಸೂಜಿಗಳಿಗೆ ದಾರಿ ತೆರೆದಂತೆ. ಮದುವೆಗೆ ಮೊದಲು ನಾಲ್ಕು ಕಿಲೋ ಇಳಿಸಬೇಕು ಎಂಬವರೂ ಅದರ ಹಿಂದೆ ಬೀಳುತ್ತಾರೆ. ಬೀಳಬಾರದು. ಇದು ಬೊಜ್ಜಿನಿಂದ ಆರೋಗ್ಯ ಕೆಟ್ಟವರಿಗೆ ವೈದ್ಯರ ಕಣ್ಗಾವಲಿನಲ್ಲಿ ಕೊಡಬೇಕಾದ ಮದ್ದು.

ಸೂಜಿ ಶಾನುಭೋಗನನ್ನು ಒಪ್ಪಿಸುತ್ತದೆ, ಬದಲಿಸುವುದಿಲ್ಲ. 2021ರ ಆ ಸೆಮಾಗ್ಲುಟೈಡ್ ಪ್ರಯೋಗದಲ್ಲಿ ಮದ್ದು ನಿಲ್ಲಿಸಿದವರನ್ನು ಮುಂದೆಯೂ ಗಮನಿಸಿದಾಗ, ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಒಂದು ವರ್ಷದೊಳಗೆ ಮರಳಿತ್ತು. ಹಾಗಾಗಿ ಸೂಜಿ ಶುರುಮಾಡುವ ಮುನ್ನ 'ಎಷ್ಟು ಕಿಲೋ ಇಳಿಯುತ್ತದೆ ಡಾಕ್ಟ್ರೇ' ಎಂದು ಕೇಳುವ ಜತೆಗೆ 'ಎಷ್ಟು ವರ್ಷ ತಗೋಬೇಕು' ಎಂದೂ ಕೇಳಿ, ಉತ್ತರ ಸಿಕ್ಕಮೇಲೆ ತಿಂಗಳ ಖರ್ಚನ್ನು ಆ ವರ್ಷಗಳಿಂದ ಗುಣಿಸಿ ನೋಡಿ.